ಎರಡಾಣೆಯ ವ್ರತ



ದತ್ತಿ ಉಪನ್ಯಾಸವೆಂಬುದು ಒಂದು ವಿಚಿತ್ರವಾದ ಋಣಾನುಬಂಧ. ಯಾರೋ ಒಬ್ಬ ಪುಣ್ಯಾತ್ಮರು ತಮ್ಮ ಜೀವಮಾನದ ಉಳಿತಾಯದಲ್ಲಿ ಒಂದು ಪಾಲನ್ನು ಠೇವಣಿಯಾಗಿ ಇರಿಸಿ, ಮೂಲಧನವನ್ನು ಯಾರೂ ಮುಟ್ಟಕೂಡದೆಂದೂ ಅದರ ಬಡ್ಡಿಯಲ್ಲಿ ಮಾತ್ರ ವರ್ಷಕ್ಕೊಂದು ವಿದ್ವತ್ಸಭೆ ನಡೆಯಬೇಕೆಂದೂ ವಿಧಿಸಿ ಹೋಗಿರುತ್ತಾರೆ. ಆ ಬಡ್ಡಿಯ ದೆಸೆಯಿಂದ ನನ್ನಂಥವನಿಗೆ ಒಂದು ಶಾಲು, ಒಂದು ಹಾರ, ಫಲತಾಂಬೂಲ, ಬಸ್ಸಿನ ಖರ್ಚು, ಮತ್ತು ಒಂದು ಗಂಟೆಯ ಕಾಲ ಯಾರ ಅಡ್ಡಿಯೂ ಇಲ್ಲದೆ ಮಾತನಾಡುವ ಅಧಿಕಾರ ಲಭಿಸುತ್ತವೆ. ಕಡೆಯದು ಮನೆಯಲ್ಲಿ ನನಗಿಲ್ಲ. ಹೀಗೆ ಬಡ್ಡಿಯ ಅನ್ನವನ್ನುಂಡು ವೇದಿಕೆಯ ಮೇಲೆ ನಿಂತಿರುವವನು ಹಣವನ್ನು ತೃಣವೆಂದು ಜರೆಯುವುದು ಕೃತಘ್ನತೆಯಾದೀತು. ಆದಕಾರಣ ಹಣವೆಲ್ಲ ಮಾಯೆ, ಸಂಸಾರವೆಲ್ಲ ನಶ್ವರ ಎಂಬ ಮಾತನ್ನು ಈ ಹೊತ್ತು ನಾನು ಆಡಲಾರೆ. ಬಡವನ ಮುಂದೆ ಆ ಮಾತನ್ನಾಡಿದವರಲ್ಲಿ ಬಹುಮಂದಿ ಹೊಟ್ಟೆ ತುಂಬಿದವರೇ ಆಗಿದ್ದರೆಂಬುದನ್ನು ನಾನು ಬಲ್ಲೆ.

ಸಂಚಾಲಕರು ನನಗೆ ಸೂಚಿಸಿದ ವಿಷಯ, ಸಂಪತ್ತನ್ನೂ ಸುಖವನ್ನೂ ಆಕರ್ಷಿಸುವ ಮನೋಧರ್ಮ ಮತ್ತು ದಿನಚರಿ ಎಂಬುದು. ದಿನಚರಿ ಎಂಬ ಮಾತಿಗೆ ನಾನು ಸಂತೋಷದಿಂದ ತಲೆಬಾಗುತ್ತೇನೆ. ಆಕರ್ಷಣೆ ಎಂಬ ಮಾತಿನ ಬಳಿ ಮಾತ್ರ ಕೊಂಚ ಹೊತ್ತು ತಡೆದು ನಿಲ್ಲಬೇಕಾಗಿದೆ. ಅಯಸ್ಕಾಂತವು ಕಬ್ಬಿಣವನ್ನು ಸೆಳೆಯುವಂತೆ ಮನುಷ್ಯನ ಸಂಕಲ್ಪವು ಧನವನ್ನು ಸೆಳೆದುಕೊಳ್ಳುವುದೆಂಬ ಭಾವನೆ ಇಂದು ಪುಸ್ತಕದಂಗಡಿಗಳಲ್ಲಿ ಬಹಳ ಚಲಾವಣೆಯಲ್ಲಿದೆ. ಇದು ಹೊಸತೇನೂ ಅಲ್ಲ. ಅಮೆರಿಕದಲ್ಲಿ ವ್ಯಾಲೆಸ್ ವ್ಯಾಟಲ್ಸ್ ಎಂಬಾತನು ಶ್ರೀಮಂತನಾಗುವುದನ್ನು ಒಂದು ಶಾಸ್ತ್ರವೆಂದೇ ಕರೆದು 1910ರಲ್ಲಿ ಪುಸ್ತಕ ಬರೆದನು. ನೆಪೋಲಿಯನ್ ಹಿಲ್ ಎಂಬವನ ಪ್ರಸಿದ್ಧ ಗ್ರಂಥ 1937ರಲ್ಲಿ ಹೊರಬಂದಿತು. ಆ ಎರಡನೆಯ ಇಸವಿಯನ್ನು ದಯವಿಟ್ಟು ಲಕ್ಷಿಸಬೇಕು. ಜಗತ್ತಿನ ಮಹಾ ಆರ್ಥಿಕ ಕುಸಿತದ ನೆರಳು ಇನ್ನೂ ಸರಿದಿರಲಿಲ್ಲ. ಕೆಲಸ ಕಳೆದುಕೊಂಡವರು ಲಕ್ಷಗಟ್ಟಲೆ ಇದ್ದರು. ಧನವಂತನಂತೆ ಚಿಂತಿಸು, ಧನವಂತನಾಗುವೆ ಎಂಬ ಭರವಸೆಯನ್ನು ಆ ಕಾಲದ ಜನ ಕೈಚಾಚಿ ಕೊಂಡುಕೊಂಡುದು ಆಶ್ಚರ್ಯವಲ್ಲ. ನಮ್ಮಲ್ಲಿ ಅದೇ ಕೆಲಸವನ್ನು ತಾಮ್ರದ ತಗಡಿನ ಮೇಲೆ ಕೊರೆದ ಯಂತ್ರಗಳು ಬಹುಕಾಲದಿಂದ ಮಾಡಿಕೊಂಡು ಬಂದಿವೆ. ಅಂಥ ಯಂತ್ರದಿಂದ ಸಿರಿವಂತನಾದವನು ಒಬ್ಬನಿದ್ದಾನೆ, ಅದನ್ನು ಮಾರುವವನು.

ಇದನ್ನು ನಗೆಯಾಡಿ ಬಿಟ್ಟುಬಿಡಬಹುದಾಗಿತ್ತು. ಆದರೆ ಮನಸ್ಸಿನ ಬಲವನ್ನು ಪೂರ್ತಿ ಅಲ್ಲಗಳೆಯುವವನು ನಾನಲ್ಲ. ನಿರಾಶನಾದವನ ಕೈ ಕೆಲಸಕ್ಕೆ ಏಳುವುದಿಲ್ಲವೆಂಬುದು ದಿನನಿತ್ಯದ ಅನುಭವ. ನನ್ನ ತಕರಾರು ಇಷ್ಟೇ: ಈ ಆಕರ್ಷಣವಾದದಲ್ಲಿ ಒಬ್ಬನೇ ಒಬ್ಬ ಮನುಷ್ಯನಿದ್ದಾನೆ. ಕಣ್ಣುಮುಚ್ಚಿ ಕುಳಿತ ಅವನು ಒಂದು ಕಡೆ, ಬರಬೇಕಾದ ಧನ ಇನ್ನೊಂದು ಕಡೆ. ನಡುವೆ ಯಾರೂ ಇಲ್ಲ. ನಮ್ಮ ಪುರಾಣಕಾರರು ಇಂಥ ತಪ್ಪನ್ನು ಮಾಡಲಿಲ್ಲ. ಲಕ್ಷ್ಮಿಯು ಕ್ಷೀರಸಾಗರದಿಂದ ಹುಟ್ಟಿ ಬಂದಳೆಂದು ಹೇಳುವಾಗ ಅವರು ಆಕೆಯನ್ನು ಯಾರದೋ ಧ್ಯಾನಕ್ಕೆ ಒಲಿಸಿ ತರಲಿಲ್ಲ. ಮಂದರವನ್ನು ಕಡೆಗೋಲಾಗಿಸಿದರು, ವಾಸುಕಿಯನ್ನು ಹಗ್ಗವಾಗಿಸಿದರು, ಆ ಹಗ್ಗದ ಒಂದು ತುದಿಯನ್ನು ದೇವತೆಗಳ ಕೈಗೂ ಇನ್ನೊಂದು ತುದಿಯನ್ನು ಅವರ ಬದ್ಧವೈರಿಗಳ ಕೈಗೂ ಕೊಟ್ಟರು. ಒಬ್ಬರು ಎಳೆದಾಗ ಇನ್ನೊಬ್ಬರು ಬಿಡಬೇಕು, ಒಬ್ಬರು ಬಿಟ್ಟಾಗ ಇನ್ನೊಬ್ಬರು ಎಳೆಯಬೇಕು. ಇಲ್ಲವಾದರೆ ಕಡೆಗೋಲು ತಿರುಗದು. ಮೊಸರು ಕಡೆಯುವ ಹೆಂಗಸಿನ ಎರಡು ಕೈಗಳನ್ನು ನೋಡಿಯೇ ಯಾವನೋ ಪ್ರಾಚೀನ ಕವಿ ಈ ಕಥೆಯನ್ನು ಕಲ್ಪಿಸಿರಬೇಕೆಂದು ನನಗೆ ಅನೇಕ ಸಲ ತೋರಿದೆ. ಮೊದಲು ಬಂದುದು ಹಾಲಾಹಲ, ಲಕ್ಷ್ಮಿಯಲ್ಲ ಎಂಬ ಸಂಗತಿಯನ್ನೂ ಅವರು ಮರೆಮಾಚಲಿಲ್ಲ.

ಹಗ್ಗಕ್ಕೆ ಎರಡು ತುದಿಗಳಿರಬೇಕೆಂಬ ಈ ವಿಚಾರವನ್ನೇ ಇಂದು ನಾನು ಹಿಡಿದು ಮುಂದುವರಿಯಲಿದ್ದೇನೆ. ಅಭ್ಯಾಸವೆಂಬುದು ಒಬ್ಬನ ಮನೋನಿಗ್ರಹದ ಫಲವೆಂದು ನಾವು ಸಾಮಾನ್ಯವಾಗಿ ತಿಳಿದಿದ್ದೇವೆ. ಅದು ಬಹುಮಟ್ಟಿಗೆ ಇಬ್ಬರ ನಡುವೆ ನೆಲಸಿರುವ ವಸ್ತುವೆಂದು ನನ್ನ ನಂಬಿಕೆ.

ದಿನಚರಿಯಿಂದ ಸಂಪತ್ತು ಎಂಬ ಮಾತು ಬಂದ ಕೂಡಲೆ ಎಲ್ಲರೂ ನೆನೆಯುವ ಹೆಸರು ಬೆಂಜಮಿನ್ ಫ್ರಾಂಕ್ಲಿನ್ನನದು. ಬಾಸ್ಟನ್ನಿನ ಮೇಣದಬತ್ತಿ ಮಾಡುವವನೊಬ್ಬನ ಮಗನಾಗಿ 1706ರಲ್ಲಿ ಹುಟ್ಟಿ, ಹದಿಹರೆಯದಲ್ಲಿಯೇ ಫಿಲಡೆಲ್ಫಿಯಕ್ಕೆ ಓಡಿಬಂದು, ಮುದ್ರಣದ ವೃತ್ತಿಯಲ್ಲಿ ಗಳಿಸಿ, ನಲವತ್ತೆರಡರ ಪ್ರಾಯದಲ್ಲಿ, 1748ರಲ್ಲಿ, ವ್ಯವಹಾರದಿಂದ ನಿವೃತ್ತನಾಗಬಲ್ಲಷ್ಟು ಅನುಕೂಲವಂತನಾದ ಮನುಷ್ಯ ಅವನು. ತನ್ನ ಆತ್ಮಚರಿತ್ರೆಯಲ್ಲಿ ಅವನು ವರ್ಣಿಸಿರುವ ಪುಟ್ಟ ಪುಸ್ತಕವೊಂದು ಲೋಕಪ್ರಸಿದ್ಧವಾಗಿದೆ: ಹದಿಮೂರು ಸದ್ಗುಣಗಳು, ಒಂದೊಂದಕ್ಕೆ ಒಂದೊಂದು ಪುಟ, ಪುಟಕ್ಕೆ ವಾರದ ಏಳು ದಿನಗಳ ಏಳು ಕಂಬಸಾಲು, ತಪ್ಪಿದಲ್ಲೆಲ್ಲ ಒಂದು ಕಪ್ಪು ಚುಕ್ಕೆ. ವಾರಕ್ಕೊಂದು ಗುಣದ ಮೇಲೆ ವಿಶೇಷ ಗಮನವಿಟ್ಟರೆ ಹದಿಮೂರು ವಾರಗಳಲ್ಲಿ ಒಂದು ಸುತ್ತು, ವರ್ಷಕ್ಕೆ ನಾಲ್ಕು ಸುತ್ತು. ಚುಕ್ಕೆಗಳನ್ನು ಕೆರೆದು ಕೆರೆದು ಕಾಗದ ತೂತಾಗಲು ತೊಡಗಿದಾಗ ಅವನು ಆ ಪಟ್ಟಿಯನ್ನು ದಂತದ ಹಲಗೆಗಳ ಮೇಲೆ ಬರೆದುಕೊಂಡು, ಒದ್ದೆಯ ಸ್ಪಂಜಿನಿಂದ ಒರೆಸಿಕೊಳ್ಳುತ್ತಿದ್ದನಂತೆ. ವಸ್ತುಗಳನ್ನು ತಮ್ಮ ತಮ್ಮ ಸ್ಥಾನದಲ್ಲಿಡುವ ಸುವ್ಯವಸ್ಥೆಯೆಂಬ ಗುಣವು ತನಗೆ ಕಡೆಯವರೆಗೂ ಕೈಗೂಡಲಿಲ್ಲವೆಂದು ಅವನೇ ಒಪ್ಪಿಕೊಂಡಿರುವುದನ್ನು ಓದಿದಾಗ, ನನ್ನ ಬರವಣಿಗೆಯ ಮೇಜನ್ನು ನೋಡಿಕೊಂಡು ನಾನು ಪಟ್ಟ ಸಮಾಧಾನ ಅಷ್ಟಿಷ್ಟಲ್ಲ.

ಫ್ರಾಂಕ್ಲಿನ್ನನ ಈ ಪುಸ್ತಕವನ್ನು ಅನುಕರಿಸಿದವರು ಅಸಂಖ್ಯರು. ಆದರೆ ಅವನಿಗೆ ಇನ್ನೊಂದು ಅಭ್ಯಾಸವಿತ್ತು. ಅದನ್ನು ಅನುಕರಿಸಿದವರು ಕಡಿಮೆ. 1727ರಲ್ಲಿ ಅವನು ತನ್ನಂತೆಯೇ ಕೈಕಸುಬಿನ ಕೆಲವು ತರುಣರನ್ನು ಕೂಡಿಸಿಕೊಂಡು ಜಂಟೊ ಎಂಬ ಗೋಷ್ಠಿಯೊಂದನ್ನು ಕಟ್ಟಿದನು. ಪ್ರತಿ ಶುಕ್ರವಾರ ಸಂಜೆ ಅವರು ಸೇರುತ್ತಿದ್ದರು. ಊರಲ್ಲಿ ಯಾರ ವ್ಯಾಪಾರ ಏಕೆ ಮುರಿದುಬಿತ್ತು, ಯಾರು ಹೇಗೆ ಮೇಲೆ ಬಂದರು, ಹೊಸದಾಗಿ ಬಂದವನಿಗೆ ತಮ್ಮಿಂದ ಏನು ನೆರವಾದೀತು ಎಂಬ ಪ್ರಶ್ನೆಗಳನ್ನು ಒಬ್ಬರಿಗೊಬ್ಬರು ಹಾಕಿಕೊಳ್ಳುತ್ತಿದ್ದರು. ಚಂದಾ ಎತ್ತಿ 1731ರಲ್ಲಿ ಅವರು ಸ್ಥಾಪಿಸಿದ ಪುಸ್ತಕಾಲಯ ಆ ಗೋಷ್ಠಿಯ ಕೂಸು. ಕಪ್ಪು ಚುಕ್ಕೆಯ ಪುಸ್ತಕ ಒಂಟಿಯವನದು, ಶುಕ್ರವಾರದ ಸಂಜೆ ಹತ್ತು ಮಂದಿಯದು. ಅವನನ್ನು ಮೇಲೆತ್ತಿದುದು ಯಾವುದೆಂದು ಕೇಳಿದರೆ ನಾನು ಶುಕ್ರವಾರದ ಪಕ್ಷವನ್ನು ವಹಿಸುವೆನು. ವಾರವೂ ಮುಖ ತೋರಿಸಬೇಕಾದ ಸ್ನೇಹಿತರಿದ್ದಾರೆಂಬ ಎಚ್ಚರವು ಮನುಷ್ಯನನ್ನು ಎಷ್ಟು ನೇರವಾಗಿ ನಡೆಯಿಸುವುದೋ ಅಷ್ಟು ನೇರವಾಗಿ ಅವನ ಸಂಕಲ್ಪವೊಂದೇ ನಡೆಯಿಸಲಾರದು.

ಇಷ್ಟು ದೂರದ ಉದಾಹರಣೆಯ ಅಗತ್ಯವೂ ನಮಗಿಲ್ಲ. ನಾನು ಹುಟ್ಟಿ ಬೆಳೆದ ಕಡಲಕರೆಯ ಜಿಲ್ಲೆ, ಅಂದಿನ ದಕ್ಷಿಣ ಕನ್ನಡ, ಈ ವಿಷಯದಲ್ಲಿ ಇಡೀ ದೇಶಕ್ಕೆ ಒಂದು ಪಾಠಶಾಲೆಯಾಗಿದ್ದಿತು. ಕಲ್ಲು, ಜಂಬಿಟ್ಟಿಗೆ, ಉಪ್ಪುನೀರು, ವರ್ಷದಲ್ಲಿ ನಾಲ್ಕು ತಿಂಗಳು ಬಿಡದ ಮಳೆ; ದೊಡ್ಡ ಗಣಿಗಳಿಲ್ಲ, ವಿಸ್ತಾರವಾದ ಹೊಲಗಳಿಲ್ಲ. ಅಂಥ ಕಡೆ 1906ರ ಒಂದೇ ವರ್ಷದಲ್ಲಿ ಎರಡು ಬ್ಯಾಂಕುಗಳು ಹುಟ್ಟಿದವು. ಮಾರ್ಚ್ ತಿಂಗಳಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಐದು ಸಾವಿರ ರೂಪಾಯಿ ಬಂಡವಾಳದಿಂದ ಆರಂಭಿಸಿದುದು ಮುಂದೆ ಕಾರ್ಪೊರೇಷನ್ ಬ್ಯಾಂಕ್ ಎನಿಸಿತು. ಮೊದಲನೆಯ ದಿನದ ಕೊನೆಗೆ ಅದರ ಪೆಟ್ಟಿಗೆಯಲ್ಲಿ ಕೂಡಿದ್ದುದು 38 ರೂಪಾಯಿ 13 ಆಣೆ 2 ಪೈ. ಆ ಎರಡು ಪೈಗಳನ್ನು ಲೆಕ್ಕ ಪುಸ್ತಕಕ್ಕೆ ಏರಿಸಿದ ಗುಮಾಸ್ತನ ಕೈಯನ್ನು ನಾನು ಮನಸ್ಸಿನಲ್ಲಿಯೇ ವಂದಿಸುತ್ತೇನೆ. ಜುಲೈ ತಿಂಗಳಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಒಂದು ಶಾಶ್ವತ ನಿಧಿಯನ್ನು ತೆರೆದರು. ಅದೇ 1910ರಲ್ಲಿ ಕೆನರಾ ಬ್ಯಾಂಕ್ ಆಯಿತು. ಪೈಗಳು ವೃತ್ತಿಯಿಂದ ವಕೀಲರು. ನಿಧಿಯನ್ನು ತೆರೆಯುವುದಕ್ಕೆ ಹದಿನೈದು ವರ್ಷ ಮೊದಲೇ ಒಂದು ಹೈಸ್ಕೂಲನ್ನೂ, ಅದಾದ ಮೂರು ವರ್ಷಕ್ಕೆ ಹೆಣ್ಣುಮಕ್ಕಳಿಗಾಗಿ ಇನ್ನೊಂದನ್ನೂ ಸ್ಥಾಪಿಸಿದ್ದವರು. ಮೊದಲು ಪಾಠಶಾಲೆ, ಆಮೇಲೆ ಬ್ಯಾಂಕು ಎಂಬ ಈ ಕ್ರಮದಲ್ಲಿ ಒಂದು ಔಚಿತ್ಯವಿದೆ; ಕೂಡಲು ಕಳೆಯಲು ಬಾರದವನಿಗೆ ಪಾಸ್‌ಬುಕ್ಕು ಎಂತಕ್ಕೆ? 1905ರಲ್ಲಿಯೇ ಗದಗದ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ರೈತರ ಸಹಕಾರ ಸಂಘವನ್ನು ಕಟ್ಟಿದ್ದರೆಂಬುದನ್ನೂ ನೆನೆದರೆ, ಕನ್ನಡ ನಾಡಿನ ಆ ಎರಡು ವರ್ಷಗಳ ಗಾಳಿಯಲ್ಲಿಯೇ ಏನೋ ಇದ್ದಿತೆನ್ನಬೇಕು.

ಆದರೆ ನಾನು ಹೇಳಹೊರಟಿರುವ ಅಭ್ಯಾಸದ ಕಥೆ ಇನ್ನೂ ಎರಡು ದಶಕಗಳಾದ ಮೇಲಿನದು. ಉಡುಪಿಯ ಕೈಮಗ್ಗದ ನೇಕಾರರು ಕಷ್ಟಕ್ಕೆ ಸಿಲುಕಿದ್ದ ಸಮಯದಲ್ಲಿ, 1925ರಲ್ಲಿ, ಒಬ್ಬ ವರ್ತಕರು, ಒಬ್ಬ ಇಂಜಿನಿಯರು, ಒಬ್ಬ ವೈದ್ಯರು, ಅರ್ಥಾತ್ ಉಪೇಂದ್ರ ಅನಂತ ಪೈ, ವಾಮನ ಕುಡ್ವ, ಡಾಕ್ಟರ್ ಟಿ. ಎಂ. ಎ. ಪೈ ಇವರು ಎಂಟು ಸಾವಿರ ರೂಪಾಯಿಗಳ ಬಂಡವಾಳದಿಂದ ಒಂದು ಸಂಸ್ಥೆಯನ್ನು ಪ್ರಾರಂಭಿಸಿದರು; ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದುದು ಅದೇ. ಮೂರು ವರ್ಷಗಳ ಬಳಿಕ, 1928ರಲ್ಲಿ, ಅವರು ಪಿಗ್ಮಿ ಠೇವಣಿಯೆಂಬ ಯೋಜನೆಯನ್ನು ಆಚರಣೆಗೆ ತಂದರು. ಯೋಜನೆಯ ತಿರುಳು ಎರಡೇ ಮಾತಿನದು: ದಿನಕ್ಕೆ ಎರಡಾಣೆಯಾದರೂ ಸಾಕು, ಅದನ್ನು ನೀವು ತಂದು ಕೊಡಬೇಕಾಗಿಲ್ಲ, ನಮ್ಮವನೊಬ್ಬನು ಪ್ರತಿದಿನವೂ ನಿಮ್ಮ ಬಾಗಿಲಿಗೆ ಬರುತ್ತಾನೆ.

ಎರಡಾಣೆಯೆಂದರೆ ರೂಪಾಯಿಯ ಎಂಟನೆಯ ಒಂದು ಪಾಲು. ವರ್ಷವಿಡೀ ತಪ್ಪದೆ ಕಟ್ಟಿದರೆ 730 ಆಣೆ, ಎಂದರೆ 45 ರೂಪಾಯಿ 10 ಆಣೆ, ಬಡ್ಡಿ ಬೇರೆ. ಈ ಮೊತ್ತವನ್ನು ಒಮ್ಮೆಲೇ ತೆಗೆದಿಡೆಂದು ದರ್ಜಿಗೋ ಮೀನು ಮಾರುವವಳಿಗೋ ಹೇಳಿದರೆ ಅವರು ನಕ್ಕು ಮುಂದೆ ಹೋಗುತ್ತಿದ್ದರು. ತಿಂಗಳ ಸಂಬಳದವನಿಗೆ ತಿಂಗಳಿಗೊಂದು ದಿನ ಹಣದ ಮುಖದರ್ಶನವಾಗುವುದು. ಅವನ ಉಳಿತಾಯವೂ ಆ ಒಂದು ದಿನದ ವಿವೇಕವನ್ನು ಅವಲಂಬಿಸಿರುವುದು. ದಿನಗೂಲಿಯವನಿಗೆ, ಬುಟ್ಟಿ ಹೊತ್ತು ಮಾರುವವಳಿಗೆ, ಸಣ್ಣ ಅಂಗಡಿಯವನಿಗೆ ಹಣ ದಿನವೂ ಬಂದು ದಿನವೂ ಹೋಗುವುದು. ಅವರ ಉಳಿತಾಯವೂ ದಿನದ ತಾಳಕ್ಕೇ ಹೊಂದಿಕೊಂಡಿರಬೇಕು. ಈ ಸರಳವಾದ ಸತ್ಯವನ್ನು ಕಂಡುದೇ ಆ ಯೋಜನೆಯ ಪ್ರತಿಭೆ. ದೊಡ್ಡ ಪಟ್ಟಣಗಳ ದೊಡ್ಡ ಬ್ಯಾಂಕುಗಳು ಎರಡಾಣೆಗಾಗಿ ಖಾತೆ ತೆರೆಯುತ್ತಿರಲಿಲ್ಲ. ಬರೆದುಕೊಳ್ಳುವ ಶಾಯಿಯ ಖರ್ಚು ಗಿಟ್ಟದೆಂಬುದು ಅವರ ಲೆಕ್ಕ. ಇಲ್ಲಿಯವರು ಸಂಗ್ರಹಿಸುವವನಿಗೆ ಸಂಬಳದ ಬದಲು ಸಂಗ್ರಹದ ಮೇಲೆ ಕಮಿಷನ್ ಗೊತ್ತುಮಾಡಿ, ಒಂದು ಬೀದಿಯ ನೂರಾರು ಎರಡಾಣೆಗಳನ್ನು ಒಬ್ಬನ ನಡಿಗೆಗೆ ಪೋಣಿಸಿ, ಗಿಟ್ಟದ ಲೆಕ್ಕವನ್ನು ಗಿಟ್ಟಿಸಿದರು. ಹೀಗೆ ಕೂಡಿದ ಹಣ ಸಾಲದ ರೂಪದಲ್ಲಿ ಅಲ್ಲಿಯವರ ಅಂಗಡಿಗೂ ಮಗ್ಗಕ್ಕೂ ಮರಳಿ ಬರುತ್ತಿತ್ತು. ಬೆಳಗ್ಗೆ ಬಾಗಿಲಿನಿಂದ ಹೊರಟ ನಾಣ್ಯ ಊರು ಸುತ್ತಿ ಪಕ್ಕದ ಬಾಗಿಲಿಗೆ ಹಿಂದಿರುಗುವ ಈ ಪ್ರದಕ್ಷಿಣೆಯನ್ನು ನಾನು ಸಂಪತ್ತೆಂದು ಕರೆಯಲು ಇಚ್ಛಿಸುತ್ತೇನೆ. ಪೆಟ್ಟಿಗೆಯಲ್ಲಿ ಮಲಗಿದುದಕ್ಕೆ ನಿಧಿಯೆಂಬ ಬೇರೆಯ ಹೆಸರೇ ಇದೆ, ಅದನ್ನು ಕಾಯುವುದಕ್ಕೆ ನಮ್ಮ ಜನಪದರು ಸರ್ಪವೊಂದನ್ನೂ ನಿಯಮಿಸಿದ್ದಾರೆ.

ನನ್ನ ಬಾಲ್ಯದ ಮನೆ ಉಡುಪಿಯಿಂದ ಕೆಲವು ಹರಿದಾರಿ ದೂರದ, ಮಲ್ಲಿಗೆ ಬೆಳೆಯುವ ಊರಿನಲ್ಲಿದ್ದಿತು. ಅಜ್ಜಿಗೆ ಅಂಗಳದ ಬದಿಯಲ್ಲಿ ಇಪ್ಪತ್ತು ಇಪ್ಪತ್ತೈದು ಮಲ್ಲಿಗೆಯ ಗಿಡಗಳಿದ್ದವು. ನಸುಕಿನಲ್ಲಿಯೇ ಮೊಗ್ಗು ಕೊಯ್ದು, ಬಾಳೆಯ ನಾರಿನಲ್ಲಿ ಒತ್ತೊತ್ತಾಗಿ ಕಟ್ಟಿ ಚೆಂಡುಗಳನ್ನಾಗಿ ಮಾಡಿದರೆ, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಟ್ಟೆಯ ದರ ದಿನದಿನಕ್ಕೂ ಬೇರೆ. ಮದುವೆಯ ಕಾಲದಲ್ಲಿ ಏರುವುದು, ಲಗ್ನವಿಲ್ಲದ ದಿನಗಳಲ್ಲಿ ಇಳಿಯುವುದು. ಆದ್ದರಿಂದ ಅಜ್ಜಿಯ ಆದಾಯ ಸಮುದ್ರದಂತೆ ಉಬ್ಬಿ ಇಳಿಯುತ್ತಿತ್ತು. ಸಂಜೆ ದೀಪ ಹಚ್ಚುವ ಹೊತ್ತಿಗೆ ಪಿಗ್ಮಿಯವರು ಬರುತ್ತಿದ್ದರು. ಕಂಕುಳಲ್ಲಿ ಒಂದು ಚೀಲ, ಕೈಯಲ್ಲಿ ಕೊಡೆ, ಕಿವಿಯ ಮೇಲೆ ಪೆನ್ಸಿಲು. ಜಗಲಿಯಲ್ಲಿ ಕುಳಿತು, ಬೆಲ್ಲದ ತುಂಡು ಬಾಯಿಗೆ ಹಾಕಿಕೊಂಡು, ಚೊಂಬಿನ ನೀರು ಕುಡಿದು, "ಇವತ್ತು ಅಟ್ಟೆಗೆ ಎಷ್ಟಾಯಿತು ಅಮ್ಮಾ?" ಎಂದು ಅವರು ಕೇಳುವರು. "ಎಂತ ಹೇಳುವುದು ಮಾರಾಯರೇ, ಇಳಿದಿದೆ" ಎನ್ನುವಳು ಅಜ್ಜಿ. ಇಳಿದರೂ ಏರಿದರೂ ಸಾಸಿವೆಯ ಡಬ್ಬಿಯಿಂದ ಹೊರಗೆ ಬರುತ್ತಿದ್ದುದು ಅದೇ ನಾಲ್ಕಾಣೆ. ನಯಾಪೈಸೆ ಬಂದು ಎಷ್ಟೋ ವರ್ಷವಾಗಿದ್ದರೂ ನಮ್ಮ ಮನೆಯಲ್ಲಿ ಅದು ನಾಲ್ಕಾಣೆಯೇ. ಅವರು ಪುಟ್ಟ ಪುಸ್ತಕದಲ್ಲಿ ಗುರುತು ಹಾಕಿ ಹಿಂದಿರುಗಿಸುವರು. ಓದು ಬಾರದ ಅಜ್ಜಿ ಆ ಗುರುತನ್ನು ಬೆರಳಿನಿಂದ ಮುಟ್ಟಿ ನೋಡಿ, ಪುಸ್ತಕವನ್ನು ದೇವರ ಗೂಡಿನಲ್ಲಿ ಇಡುವಳು.

ಅಜ್ಜಿಗೆ ದೃಢಸಂಕಲ್ಪವಿತ್ತೆಂದು ನಾನು ಹೇಳಲಾರೆ. ಎಲ್ಲರಂತೆ ಅವಳಿಗೂ ಆಸೆಗಳಿದ್ದವು. ರಥೋತ್ಸವದ ಸಂತೆಯಲ್ಲಿ ಬಳೆಯ ಮಲಾರದ ಮುಂದೆ ಅವಳ ಸಂಯಮ ಕರಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದರೆ ಸಂಜೆ ಒಬ್ಬರು ಬರುತ್ತಾರೆ, ಬಂದವರನ್ನು ಬರಿಗೈಯಲ್ಲಿ ಕಳುಹಬಾರದು ಎಂಬ ಗೃಹಸ್ಥಧರ್ಮದ ಹಳೆಯ ಸಂಸ್ಕಾರ ಅವಳಲ್ಲಿದ್ದಿತು. ಅತಿಥಿಸತ್ಕಾರದ ಆ ಸಂಸ್ಕಾರದ ಬೆನ್ನೇರಿ ಉಳಿತಾಯವೆಂಬ ಹೊಸ ಅಭ್ಯಾಸ ಮನೆಯೊಳಗೆ ಪ್ರವೇಶಿಸಿತು. ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸನು 1890ರ ತನ್ನ ಮಹಾಗ್ರಂಥದಲ್ಲಿ ಅಭ್ಯಾಸಕ್ಕೆ ಒಂದು ಪೂರ್ತಿ ಅಧ್ಯಾಯವನ್ನೇ ಮೀಸಲಿಟ್ಟು ನರಮಂಡಲದ ಹಾದಿಗಳನ್ನು ವಿವರಿಸಿದ್ದಾನೆ. ನಮ್ಮ ಮನೆಯ ಮಟ್ಟಿಗೆ ಆ ಹಾದಿ ಗದ್ದೆಯ ಬದುವಿನ ಮೇಲಿತ್ತು, ಅದರ ಮೇಲೆ ಕೊಡೆ ಹಿಡಿದ ಒಬ್ಬ ಮನುಷ್ಯ ನಡೆದು ಬರುತ್ತಿದ್ದ.

ಆಟಿ ತಿಂಗಳಲ್ಲಿ ಹೂ ಇರುತ್ತಿರಲಿಲ್ಲ. ಮಳೆ ಹೊಡೆದ ಗಿಡಗಳಲ್ಲಿ ಎಲೆಯಲ್ಲದೆ ಬೇರೇನೂ ಇಲ್ಲ. ಡಬ್ಬಿಯಲ್ಲಿ ಸಾಸಿವೆಯಲ್ಲದೆ ಬೇರೇನೂ ಇಲ್ಲ. ಆಗಲೂ ಅವರು ಬರುತ್ತಿದ್ದರು. ಕೊಡೆಯನ್ನು ಜಗಲಿಯ ಮೂಲೆಗೆ ಒರಗಿಸಿ, ಬೆಲ್ಲ ನೀರು ಮುಗಿಸಿ, ಹಣದ ಮಾತನ್ನೇ ಎತ್ತದೆ, ತೋಡಿನಲ್ಲಿ ನೀರು ಎಷ್ಟು ಏರಿದೆ, ಯಾರ ಮನೆಯ ದರೆ ಜರಿಯಿತು ಎಂಬ ಸುದ್ದಿ ಹೇಳಿ, "ನಾಳೆ ಬರುತ್ತೇನೆ ಅಮ್ಮಾ" ಎಂದು ಎದ್ದು ಹೋಗುತ್ತಿದ್ದರು. ಕಮಿಷನ್ನಿನ ಮೇಲೆ ಬದುಕುವವರಿಗೆ ಆ ಸಂಜೆಯ ನಡಿಗೆಯಿಂದ ಮೂರು ಕಾಸಿನ ಲಾಭವಿರಲಿಲ್ಲ. ಬಾರದೆ ಹೋದರೆ ಅಭ್ಯಾಸ ಮುರಿಯುವುದೆಂಬ ವ್ಯವಹಾರಜ್ಞಾನದಿಂದ ಬರುತ್ತಿದ್ದರೋ, ಬೆಲ್ಲ ನೀರಿಗಾಗಿ ಬರುತ್ತಿದ್ದರೋ, ನನಗೆ ಇಂದಿಗೂ ಬಗೆಹರಿಯದು. ಭಾದ್ರಪದದಲ್ಲಿ ಮೊದಲ ಮೊಗ್ಗು ಬಿಟ್ಟ ದಿನವೇ ನಾಲ್ಕಾಣೆ ಮತ್ತೆ ಆರಂಭವಾಗುತ್ತಿತ್ತು.

ಇಲ್ಲಿ ಒಂದು ಋಣವನ್ನು ಹೇಳದೆ ಮುಂದೆ ಹೋದರೆ ನನ್ನ ಮಾತು ಅರ್ಧಸತ್ಯವಾದೀತು. ಸಹಸ್ರಾರು ಮನೆಗಳ ಹಂಚು, ಓಲೆ, ಹಸು, ಹೊಲಿಗೆಯಂತ್ರ, ಮಕ್ಕಳ ಫೀಸು ಇವಕ್ಕೆಲ್ಲ ಕಾರಣರಾದ ಈ ಸಂಗ್ರಾಹಕರು ತಾವು ಬಹುಕಾಲ ಅತ್ತ ನೌಕರರೂ ಅಲ್ಲ, ಇತ್ತ ವ್ಯಾಪಾರಿಗಳೂ ಅಲ್ಲವೆಂಬ ತ್ರಿಶಂಕುಸ್ವರ್ಗದಲ್ಲಿಯೇ ಇದ್ದರು. ಬಿಸಿಲು ಮಳೆಗಳಲ್ಲಿ ಸವೆದ ಚಪ್ಪಲಿಗೆ ಭತ್ಯವಿರಲಿಲ್ಲ, ಮುಪ್ಪಿಗೆ ಪಿಂಚಣಿಯಿರಲಿಲ್ಲ. ಅವರೂ ಕಾನೂನಿನ ಅರ್ಥದಲ್ಲಿ ಕಾರ್ಮಿಕರೇ ಎಂಬ ಮಾತು ದೀರ್ಘಕಾಲದ ವ್ಯಾಜ್ಯದ ಬಳಿಕ 2001ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ಸ್ಥಿರವಾಯಿತು. ಯೋಜನೆ ಆರಂಭವಾಗಿ ಆಗಲೇ ಎಪ್ಪತ್ತು ವರ್ಷಗಳು ಮೀರಿದ್ದವು. ಅಷ್ಟರಲ್ಲಿ ನಮ್ಮ ಮನೆಗೆ ಬರುತ್ತಿದ್ದವರು ಎಲ್ಲ ಲೆಕ್ಕಗಳನ್ನೂ ಮುಗಿಸಿ ಹೋಗಿದ್ದರು. ಸಂಪತ್ತಿನ ದಿನಚರಿಯನ್ನು ಕುರಿತು ಪುಸ್ತಕ ಬರೆಯುವವರು ಹಗ್ಗದ ಈ ಇನ್ನೊಂದು ತುದಿಯನ್ನು ಹಿಡಿದವರ ಕಡೆ ಕಣ್ಣೆತ್ತಿ ನೋಡುವುದು ವಿರಳ.

ಕೂಡಿಸುವುದರ ಮಾತು ಇಷ್ಟಾಯಿತು. ಅಳತೆಯ ಮಾತು ಬೇರೆಯೇ ಇದೆ. ಅದಕ್ಕೆ ನಾನು ಕಡಲಕರೆಯಿಂದ ಕಲ್ಯಾಣಕ್ಕೆ, ಈ ಶತಮಾನದಿಂದ ಹನ್ನೆರಡನೆಯ ಶತಮಾನಕ್ಕೆ ಹೋಗಬೇಕು. ಬಿಜ್ಜಳನ ಭಂಡಾರದ ಅಧಿಕಾರವನ್ನು ಹೊತ್ತಿದ್ದ ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಆಯ್ದಕ್ಕಿ ಮಾರಯ್ಯನ ಕಾಯಕ. ಆ ಅಕ್ಕಿಯಲ್ಲಿಯೇ ಜಂಗಮರಿಗೆ ಅನ್ನವಿಟ್ಟು ಉಳಿದುದನ್ನು ಗಂಡಹೆಂಡಿರು ಉಣ್ಣುವರು. ಒಂದು ದಿನ ಬಸವಣ್ಣನವರು ಪರೀಕ್ಷಿಸಲೆಂದೋ ಕರುಣೆಯಿಂದಲೋ ಅಂಗಳದಲ್ಲಿ ಹೆಚ್ಚಿನ ಅಕ್ಕಿಯನ್ನು ಚೆಲ್ಲಿಸಿದರಂತೆ. ಮಾರಯ್ಯ ಎಂದಿಗಿಂತ ದೊಡ್ಡ ಗಂಟಿನೊಡನೆ ಮನೆಗೆ ಬಂದ. ಹೆಂಡತಿ ಲಕ್ಕಮ್ಮ ಗಂಟನ್ನು ಬಿಚ್ಚಲಿಲ್ಲ. ಇದು ನಮ್ಮ ಎಂದಿನ ಅಕ್ಕಿಯಲ್ಲ, ಹೆಚ್ಚಾದುದನ್ನು ಎಲ್ಲಿಂದ ತಂದೆಯೋ ಅಲ್ಲಿಯೇ ಸುರಿದು ಬಾ ಎಂದು ಗಂಡನನ್ನು ಹಿಂದಕ್ಕೆ ಕಳುಹಿದಳು.

ಈ ಕಥೆಯನ್ನು ಹೇಳುವವರು ಲಕ್ಕಮ್ಮನ ವೈರಾಗ್ಯವನ್ನು ಕೊಂಡಾಡುವುದು ವಾಡಿಕೆ. ನನ್ನನ್ನು ಸೆರೆಹಿಡಿದುದು ಅವಳ ವೈರಾಗ್ಯವಲ್ಲ, ಅವಳ ಕೈಯ ಅಂದಾಜು. ಗಂಟನ್ನು ಕೈಗೆತ್ತಿಕೊಂಡ ಕೂಡಲೆ ಇದು ಎಂದಿನದಲ್ಲವೆಂದು ಆಕೆಗೆ ಹೇಗೆ ತಿಳಿಯಿತು? ಅಷ್ಟು ದಿನಗಳ ಅಷ್ಟು ಗಂಟುಗಳ ಭಾರ ಆಕೆಯ ಅಂಗೈಯಲ್ಲಿ ನೆನಪಾಗಿ ಕುಳಿತಿದ್ದಿತು. ಸಾಕು ಎಂಬ ಮಾತನ್ನು ನಾವು ಒಂದು ನಿರ್ಧಾರವೆಂದು ಭಾವಿಸುತ್ತೇವೆ. ಲಕ್ಕಮ್ಮನಲ್ಲಿ ಅದು ಒಂದು ತೂಕ. ದಿನವೂ ಅಳೆದವಳಿಗೆ ಮಾತ್ರ ಆ ತೂಕ ಗೊತ್ತಾಗುವುದು. ಒಂದು ಮಾತನ್ನು ಇಲ್ಲಿ ಒತ್ತಿ ಹೇಳಬೇಕು: ಆ ದಂಪತಿಗಳು ದರಿದ್ರರಾಗಿರಲಿಲ್ಲ, ಕೊಡುವವರಾಗಿದ್ದರು. ಕೊಡುವುದಕ್ಕೆ ಬೇಕಾದಷ್ಟು ಅವರಲ್ಲಿ ದಿನವೂ ಇರುತ್ತಿತ್ತು. ಎರಡಾಣೆಯನ್ನು ತೆಗೆದಿಡುವ ಕೈಗೂ ಹೆಚ್ಚಿನ ಅಕ್ಕಿಯನ್ನು ಮರಳಿಸುವ ಕೈಗೂ ವಿರೋಧವಿದೆಯೆಂದು ಮೇಲುನೋಟಕ್ಕೆ ತೋರಬಹುದು. ಎರಡೂ ಎಣಿಕೆ ಬಲ್ಲ ಕೈಗಳೇ.

ನನಗೆ ಸೂಚಿಸಿದ ವಿಷಯದಲ್ಲಿ ಸುಖವೂ ಸೇರಿದೆ. ಆ ಶಬ್ದವನ್ನು ಕೆಲವು ಶಬ್ದಶಾಸ್ತ್ರಜ್ಞರು ಬಂಡಿಯ ಗಾಲಿಯಿಂದ ಬಿಡಿಸುವುದುಂಟು. ಖ ಎಂದರೆ ರಂಧ್ರ. ಅಚ್ಚು ಹೊಗುವ ರಂಧ್ರ ಸರಿಯಾಗಿದ್ದರೆ ಗಾಲಿ ಒಗ್ಗಿ ತಿರುಗುವುದು, ಅದು ಸು-ಖ. ಕೊರೆತ ಓರೆಯಾದರೆ ಸುತ್ತುಸುತ್ತಿಗೂ ಬಡಿತ, ಅದು ದುಃಖ. ವ್ಯುತ್ಪತ್ತಿಗಳನ್ನು ಅತಿಯಾಗಿ ನಂಬಬಾರದೆಂಬುದು ನನ್ನ ಗುರುಗಳ ಎಚ್ಚರಿಕೆಯಾಗಿದ್ದರೂ ಈ ಒಂದನ್ನು ಬಿಡಲು ನನಗೆ ಮನಸ್ಸಿಲ್ಲ. ತಿರುಗುವ ವಸ್ತುವಿಗೆ ಸಂಬಂಧಿಸಿದ ಮಾತು ಅದು. ದಿನದಿನವೂ ಮರಳಿ ಬರುವುದರಲ್ಲಿ ಬಡಿತವಿಲ್ಲದಿರುವುದು.

ಇಂದಿನ ಸ್ಥಿತಿಯನ್ನು ಕುರಿತು ಬಹಳ ಹೇಳಲಾರೆ. ಕಡಲಕರೆಯ ಆ ಮೂರು ಬ್ಯಾಂಕುಗಳಲ್ಲಿ ಎರಡು 2020ರ ಏಪ್ರಿಲ್ ಒಂದರಂದು ಬೇರೆ ಬ್ಯಾಂಕುಗಳಲ್ಲಿ ಲೀನವಾದವು. ಪಿಗ್ಮಿ ಸಂಗ್ರಹ ಮಾತ್ರ ಸಹಕಾರ ಸಂಘಗಳ ಆಶ್ರಯದಲ್ಲಿ ಇಂದಿಗೂ ಪೇಟೆ ಬೀದಿಗಳಲ್ಲಿ ನಡೆದಿದೆ. ಪೆನ್ಸಿಲಿನ ಬದಲು ಅಂಗೈಯಗಲದ ಯಂತ್ರವೊಂದು ಚೀಟಿಯನ್ನು ಹೊರಚಾಚುತ್ತದೆ. ನಮ್ಮ ಮೊಮ್ಮಕ್ಕಳು ಮೊಬೈಲನ್ನು ಚೌಕಗಳ ಚಿತ್ರಕ್ಕೆ ಹಿಡಿದು ಹಣ ಕೊಡುವಾಗ ಅದು ಕೈಯಿಂದ ಬಿಟ್ಟುಹೋಗುವ ಭಾರವೇ ಅವರ ಅನುಭವಕ್ಕೆ ಬಾರದೆಂಬುದು ನನ್ನ ಅಳಲು. ಮುದುಕನ ಅಳಲೆಂದು ನೀವು ಅದನ್ನು ಬದಿಗಿಟ್ಟರೂ ನನಗೆ ಬೇಸರವಿಲ್ಲ. ರೂಪಾಯಿಯ ಬೆಲೆ ಕುಸಿಯುತ್ತಿರುವಾಗ ನಾಲ್ಕಾಣೆಯ ಉಳಿತಾಯ ಮೂರ್ಖತನವಲ್ಲವೆ ಎಂದು ಅರ್ಥಶಾಸ್ತ್ರದ ವಿದ್ಯಾರ್ಥಿಗಳು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ. ಅಜ್ಜಿಯ ಬಳಿ ಅದಕ್ಕೆ ಉತ್ತರವಿದ್ದಿರಲಾರದು.

ಅವಳ ಬಳಿ ಇದ್ದುದು ಒಂದು ಬಯಕೆ. ನಮ್ಮದು ಮುಳಿಹುಲ್ಲಿನ ಮಾಡು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದು ನೂರು ವರ್ಷವಾಗುತ್ತ ಬಂದಿದ್ದರೂ, ಮಂಗಳೂರು ಹಂಚು ಸಮುದ್ರ ದಾಟಿ ಎಲ್ಲೆಲ್ಲಿಗೋ ಹೋಗಿದ್ದರೂ, ಹತ್ತು ಹರಿದಾರಿಯಾಚೆಯ ನಮ್ಮ ಮನೆಗೆ ಅದು ಬಂದಿರಲಿಲ್ಲ. ಮಳೆಗಾಲದ ರಾತ್ರಿಗಳಲ್ಲಿ ಗುಡುಗಿದ ಕೂಡಲೆ ಅಜ್ಜಿ ಎದ್ದು, ಕತ್ತಲಲ್ಲಿಯೇ ತಡವರಿಸಿ, ಸೋರುವ ಜಾಗಗಳಿಗೆಲ್ಲ ಕೊಪ್ಪರಿಗೆ, ಚರಿಗೆ, ತಪ್ಪಲೆಗಳನ್ನು ಒಡ್ಡುತ್ತಿದ್ದಳು. ಯಾವ ಪಾತ್ರೆ ಯಾವ ಮೂಲೆಗೆ ಎಂಬುದಕ್ಕೆ ಅವಳಿಗೆ ದೀಪ ಬೇಕಾಗಿರಲಿಲ್ಲ. ಪಿಗ್ಮಿಯ ಅವಧಿ ಎರಡು ಬಾರಿ ಮುಗಿದು, ಎರಡು ಬಾರಿಯೂ ಹಣವನ್ನು ಹಿಂದೆಗೆಯದೆ ಮುಂದುವರಿಸಿ, ಕೊನೆಗೊಂದು ಬೇಸಗೆಯಲ್ಲಿ ಅದನ್ನು ತೆಗೆದು, ಅಪ್ಪನು ಎಲ್ಲಿಂದಲೋ ಸಾಲ ತಂದ ಸ್ವಲ್ಪವನ್ನೂ ಸೇರಿಸಿ, ಪಕಾಸು ರೀಪುಗಳನ್ನು ಹೊಡೆಸಿ, ಎತ್ತಿನ ಗಾಡಿಯಲ್ಲಿ ಹಂಚು ತರಿಸಿ ಹೊದಿಸಿದರು. ಪಿಗ್ಮಿಯವರು ಅಂದು ಕೂಡ ಸಂಜೆ ಬಂದು, ಅಂಗಳದಲ್ಲಿ ನಿಂತು ತಲೆಯೆತ್ತಿ ನೋಡಿ, ಹೊಸ ಪುಸ್ತಕವೊಂದನ್ನು ಕೊಟ್ಟು ನಾಲ್ಕಾಣೆ ತೆಗೆದುಕೊಂಡು ಹೋದರು.

ಆ ವರ್ಷದ ಮೊದಲ ಮಳೆ ನಡುರಾತ್ರಿಯಲ್ಲಿ ಬಂದಿತು. ಹಂಚಿನ ಮೇಲೆ ಮಳೆ ಬೀಳುವ ಸದ್ದು ನಮಗೆ ಯಾರಿಗೂ ಪರಿಚಿತವಲ್ಲ. ನಾನು ಬೆಚ್ಚಿಬಿದ್ದು ಎಚ್ಚೆತ್ತೆ. ಅಜ್ಜಿ ಆಗಲೇ ಎದ್ದಿದ್ದಳು. ಎಷ್ಟೋ ವರ್ಷಗಳ ಅಭ್ಯಾಸದಿಂದ ಕತ್ತಲಲ್ಲಿ ಕೊಪ್ಪರಿಗೆಯನ್ನು ಎತ್ತಿಕೊಂಡು ನಡುಮನೆಯ ಈಶಾನ್ಯದ ಮೂಲೆಗೆ ಹೋಗಿ, ನೆಲವನ್ನು ಕೈಯಿಂದ ಸವರಿ ನೋಡಿದಳು. ಒಣಗಿತ್ತು. ಇನ್ನೊಂದು ಮೂಲೆಯನ್ನು ಸವರಿದಳು. ಆಮೇಲೆ ಕೊಪ್ಪರಿಗೆಯನ್ನು ಕೆಳಗಿಡಲು ಮರೆತವಳಂತೆ ಅದನ್ನು ಮಡಿಲಲ್ಲಿಟ್ಟುಕೊಂಡು ಗೋಡೆಗೊರಗಿ, ಮಳೆ ನಿಲ್ಲುವವರೆಗೂ ಮೇಲೆ ನೋಡುತ್ತ ಕುಳಿತಿದ್ದಳು.